ಅಕ್ಕ ನಿಂತ ಮಣ್ಣು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಸದಾ ಮಜ್ಜಿಗೆ ಕಲಸಿದ ಮಣ್ಣಿನ ವಾಸನೆ ಇರುತ್ತಿತ್ತು. ಅಪ್ಪ ಭಾಲ್ಕಿಯಲ್ಲಿ ಕುಸ್ತಿ ಕಲಿಸುವ ಉಸ್ತಾದ. ಮನೆಗೆ ಹತ್ತಿಕೊಂಡೇ ಅವನ ತಾಲೀಮು, ಅಂದರೆ ಗರಡಿಮನೆ. ಅಲ್ಲಿನ ಅಖಾಡದ ಕೆಂಪು ಮಣ್ಣನ್ನು ಜರಡಿ ಹಿಡಿದು, ಅರಿಸಿನ, ಎಣ್ಣೆ, ಹುಳಿ ಮಜ್ಜಿಗೆ ಹಾಕಿ ಹದ ಮಾಡುತ್ತಿದ್ದವರು ಅವ್ವ ಮತ್ತು ಅಕ್ಕ. ಆದರೆ ಹದವಾದ ಮೇಲೆ ಹೆಂಗಸರು ಅದರೊಳಗೆ ಕಾಲಿಡುವಂತಿರಲಿಲ್ಲ. ಕೈ ಇಟ್ಟರೆ ನಡೆಯುತ್ತದೆ, ಕಾಲು ಇಟ್ಟರೆ ನಡೆಯುವುದಿಲ್ಲ! ಈ ನ್ಯಾಯ ನನಗೆ ಇವತ್ತಿಗೂ ಅರ್ಥವಾಗಿಲ್ಲ ಮಕ್ಕಳೇ.

ಆದರೂ ಅಕ್ಕನಿಗೆ ಕುಸ್ತಿ ಬರುತ್ತಿತ್ತು. ಕಲಿಸಿದವನು ಅಪ್ಪನೇ. ಎತ್ತುಗಳು ಹೊಲಕ್ಕೆ ಹೋದ ಮೇಲೆ ಕೊಟ್ಟಿಗೆಯಲ್ಲಿ ಹುಲ್ಲು ಹಾಸಿ ಒಂದೊಂದೇ ಪಟ್ಟು ಹೇಳಿಕೊಡುತ್ತಿದ್ದ. ತಪ್ಪಿದರೆ ಗಂಡುಹುಡುಗರಿಗೆ ಬೈದಂತೆಯೇ ಬೈಯುತ್ತಿದ್ದ. ಆ ಬೈಗುಳ ತಿನ್ನುವಾಗ ಅಕ್ಕನ ಮುಖ ಅರಳುತ್ತಿತ್ತು.

ಬೀದರ ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಆ ಚಳಿಗಾಲದಲ್ಲಿ ಒಂದು ಕುಸ್ತಿ ಕಂಪನಿ ಬೀದರದಲ್ಲಿ ಡೇರೆ ಹಾಕಿತು. ಅದರಲ್ಲಿ ಟಿಕೆಟ್ ಇಟ್ಟು ಕುಸ್ತಿ ಆಡುವ ಒಬ್ಬ ಹೆಂಗಸಿದ್ದಳು. ಎತ್ತರದ ಆಳು, ಜಜ್ಜಿ ಗಂಟುಗಟ್ಟಿದ ಕಿವಿಗಳು. ಅವಳ ಎದುರು ಆಡುತ್ತಿದ್ದವಳು ಕಾಲು ಮುರಿದುಕೊಂಡಿದ್ದಳಂತೆ. ಔರಾದದ ಆಟಕ್ಕೆ ಇನ್ನೊಬ್ಬಳನ್ನು ಹುಡುಕುತ್ತ ನಮ್ಮ ತಾಲೀಮಿಗೆ ಬಂದು, ಈ ಕಡೆ ಕುಸ್ತಿ ಬಲ್ಲ ಒಬ್ಬ ಹೆಣ್ಣುಮಗಳೂ ಇಲ್ಲವೇ ಎಂದು ಉರ್ದುವಿನಲ್ಲಿ ಕೇಳಿದಳು. ಅಪ್ಪನಿಗೆ ಆ ಮಾತು ಚುಚ್ಚಿತು. ಕೂಡಲೇ ಅಕ್ಕನನ್ನು ಕರೆದ.

"ಕಚ್ಚಿ ಬಿಗಿ ಕಟ್ಕೊಂಡ್ ಬಾ. ಹೆದರಬ್ಯಾಡ, ನಾ ಇದ್ದೇನಿ."

ಶಿಷ್ಯರೆಲ್ಲ ಗೋಡೆಗೆ ಒರಗಿ ನೋಡುತ್ತಿದ್ದರು. ತಾನೇ ಹದ ಮಾಡಿದ ಮಣ್ಣಿಗೆ ಅಕ್ಕ ಮೊದಲ ಸಲ ಇಳಿದಳು. ಒಬ್ಬರ ಕತ್ತು ಒಬ್ಬರು ಹಿಡಿದು ಬಹಳ ಹೊತ್ತು ಸುತ್ತಿದರು. ಉಸಿರಾಟ ಬಿಟ್ಟರೆ ಬೇರೆ ಸದ್ದಿರಲಿಲ್ಲ. ತಟ್ಟನೆ ಅಕ್ಕ ಬಗ್ಗಿ, ಆ ದೊಡ್ಡ ಹೆಂಗಸನ್ನು ಹೆಗಲ ಮೇಲಿಂದ ಎತ್ತಿ ಒಗೆದಳು. "ಭಲೇ ನನ್ನ ಮಗಳ!" ಎಂದು ಅಪ್ಪ ಕುಣಿದಾಡಿದ. ಬಿದ್ದವಳು ಬಾಯೊಳಗಿನ ಮಣ್ಣು ಉಗುಳಿ ನಕ್ಕಳು. ನಾಳೆ ಮುಂಜಾನೆ ಮೋಟಾರು ತರುತ್ತೇನೆ, ಇವಳನ್ನು ಔರಾದಕ್ಕೆ ಕಳಿಸಿಕೊಡಿ ಎಂದಳು. ಅಪ್ಪ ಹ್ಞೂಂ ಅಂದ. ಅಕ್ಕ ಸಂಜೆಗೇ ಬಟ್ಟೆಯ ಗಂಟು ಕಟ್ಟಿಟ್ಟಳು.

ಮರುದಿನ ಶಿಷ್ಯರು ತಾಲೀಮಿನ ಹೊರಗೇ ನಿಂತಿದ್ದರು. ಹಿರಿಯವನೊಬ್ಬ ನೆಲ ನೋಡುತ್ತ ಹೇಳಿದ.

"ಉಸ್ತಾದ, ಹೆಣ್ಮಗಳು ನಿಂತ ಮಣ್ಣಾಗ ನಾವ್ ಇಳಿಯಂಗಿಲ್ರಿ. ಮಣ್ಣ್ ತೆಗಸ್ರಿ. ಇಲ್ಲಂದ್ರ ಬ್ಯಾರೆ ತಾಲೀಮ್ ನೋಡ್ಕೋತೇವ್ರಿ."

ಅಪ್ಪ ಅವನ ಕಪಾಳಕ್ಕೆ ಬಾರಿಸುತ್ತಾನೆ ಅಂದುಕೊಂಡೆ. ಅಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಶಿಷ್ಯರಿಲ್ಲದ ಉಸ್ತಾದನಿಗೆ ಊರಲ್ಲಿ ಏನು ಬೆಲೆ? ಗುದ್ದಲಿ ತಂದು ಅಗೆಯತೊಡಗಿದ. ಮಗಳು ಗೆದ್ದ ಮಣ್ಣನ್ನು ತನ್ನ ಕೈಯಾರೆ ಬುಟ್ಟಿಗೆ ತುಂಬಿದ. ಅದನ್ನು ಹೊತ್ತು ಹಳ್ಳಕ್ಕೆ ಸುರಿಯಲು ಯಾರನ್ನು ಕರೆದ ಗೊತ್ತೇ? ಅಕ್ಕನನ್ನೇ.

ಅವಳು ಬುಟ್ಟಿ ಹೊತ್ತಳು. ಅಷ್ಟರಲ್ಲಿ ಮೋಟಾರು ಬಂತು. ಕಂಪನಿಯ ಹೆಂಗಸು ಇಳಿದು ಅಗೆದ ಅಖಾಡ ನೋಡಿದಳು, ಅಕ್ಕನ ತಲೆಯ ಮೇಲಿನ ಬುಟ್ಟಿ ನೋಡಿದಳು. ಇಂಥದ್ದು ಅವಳಿಗೆ ಹೊಸದಲ್ಲವೇನೋ, ಮತ್ತೆ ಮೋಟಾರು ಹತ್ತಿ ಒಬ್ಬಳೇ ಹೋದಳು. ಹೊಸ ಮಣ್ಣು ಬಂದಾಗ ಅದನ್ನು ಜರಡಿ ಹಿಡಿದವಳೂ ಅಕ್ಕನೇ. ಬೇಸಿಗೆಯಲ್ಲಿ ಅವಳನ್ನು ಡಾಬಕಾ ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟರು. ಮುಂದೆ ಅವಳು ಕುಸ್ತಿಯ ಮಾತೇ ಎತ್ತಲಿಲ್ಲ. ಅಪ್ಪನ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಈಗ ನಿಮ್ಮಲ್ಲೇ ದೊಡ್ಡವಳು ಬೀದರದಲ್ಲಿ ಮ್ಯಾಟಿನ ಮೇಲೆ ಕುಸ್ತಿ ಆಡುತ್ತಾಳೆ. ಹುಡುಗರು ಎದ್ದ ಜಾಗದಲ್ಲಿ ಹುಡುಗಿಯರು, ಹುಡುಗಿಯರು ಎದ್ದ ಜಾಗದಲ್ಲಿ ಹುಡುಗರು. ಯಾರೂ ಏನೂ ಅಗೆಯುವುದಿಲ್ಲ. ಹೋದ ವರ್ಷ ನಾನು ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನಮ್ಮ ಮೊಮ್ಮಗಳು ಎದುರಾಳಿಯನ್ನು ಚಿತ್ ಮಾಡಿದಾಗ ಜನವೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಅಕ್ಕ ತಟ್ಟಲಿಲ್ಲ. ನನ್ನ ಕೈ ಹಿಡಿದು ಕೇಳಿದಳು.

"ಅಕಿ ಅಪ್ಪ ಬಂದಾನೇನ?"

"ಬಂದಾನಲ್ಲ ಅಕ್ಕ. ಅಲ್ನೋಡು, ಕುರ್ಚಿ ಮ್ಯಾಲ ನಿಂತು ಒದರ್ಲಾಕತ್ತಾನ."

ಅಕ್ಕ ಅತ್ತ ತಿರುಗಿ ನನ್ನ ಮಗನನ್ನೇ ಬಹಳ ಹೊತ್ತು ನೋಡಿದಳು.

"ನಾಳಿನೂ ಹಿಂಗೇ ನಿಂದ್ರು ಅಂತ ಹೇಳು ಅವಗ."