ಶೆಟ್ಟರು ರೈಲು ಹತ್ತಿದ ಸಂಜೆ

ಮಣ್ಣಿನ ಗೊಂಬೆಯ ಶೆಟ್ಟರು ಮೊದಲು ಸ್ವಲ್ಪ ಮುಂದಕ್ಕೆ ಬಾಗಿದರು. ಆಮೇಲೆ ತಮ್ಮ ದಿನಸಿ ಅಂಗಡಿ ಬಿಟ್ಟು, ಕೆಳಗೆ ಹಳಿಯ ಮೇಲೆ ಬರುತ್ತಿದ್ದ ನನ್ನ ರೈಲಿನೊಳಗೆ ಬಿದ್ದರು.

ವಿಜಯನಗರದ ನಮ್ಮ ಮನೆಗೆ ಅಕ್ಕಪಕ್ಕದವರು ದಸರಾ ಗೊಂಬೆ ನೋಡಲು ಬಂದಿದ್ದರು. ಪ್ಲಾಸ್ಟಿಕ್ ಬ್ಲಾಕ್‌ಗಳನ್ನು ಜೋಡಿಸಿ ನಾನು ಕಟ್ಟಿದ ಮೊದಲ ರೈಲು ಅದು. ನಲವತ್ತು ದಾಟಿದ ಮೇಲೆ ಹಿಡಿದ ಹುಚ್ಚು. ಶೆಟ್ಟರು ನಮ್ಮ ಅತ್ತೆಯ ತವರಿನಿಂದ ಬಂದವರು. "ನನ್ನ ಗೊಂಬೆಗೆ ಏನಾದ್ರೂ ಆದ್ರೆ ನಿನ್ನ ರೈಲು ಅಟ್ಟಕ್ಕೆ ಹೋಗತ್ತೆ, ನೋಡ್ಕೋ" ಎಂದು ಹೇಳಿಯೇ ಅತ್ತೆ ಗೊಂಬೆಗಳ ಸುತ್ತ ಹಳಿ ಹಾಕಲು ಬಿಟ್ಟಿದ್ದರು. ನಾನೋ, ನೆರೆಯವರ ಮುಂದೆ ವೇಗ ಹೆಚ್ಚಿಸಿದೆ. ಗೊಂಬೆ ಕೂರಿಸಿದ್ದ ಹಲಗೆ ನಡುಗಿತು.

ರಿಮೋಟ್ ಕೈಯಲ್ಲೇ ಇತ್ತು, ನಿಲ್ಲಿಸಬೇಕೆಂದು ಹೊಳೆಯಲಿಲ್ಲ. ತೆರೆದ ಗೂಡ್ಸ್ ಡಬ್ಬಿಯಲ್ಲಿ ನೆಟ್ಟಗೆ ಕುಳಿತ ಶೆಟ್ಟರು ಮದುವೆ ದಿಬ್ಬಣದ ಮುಂದೆ ಹಾದು, ಮೆಟ್ಟಿಲುಗಳ ಹಿಂದೆ ಮರೆಯಾದರು. ಆ ಕಡೆಯಿಂದ ಮತ್ತೆ ಕಾಣಿಸಿಕೊಂಡಾಗ ಪೇಟ, ಮೂಗು, ಹೊಟ್ಟೆ ಎಲ್ಲವೂ ನೆಟ್ಟಗಿದ್ದವು. ಅತ್ತೆ ಅವರನ್ನು ನೋಡಿದರು. ಅಂಗಡಿಯಲ್ಲಿ ಒಬ್ಬಳೇ ಉಳಿದಿದ್ದ ಶೆಟ್ಟರ ಹೆಂಡತಿಯನ್ನೂ ನೋಡಿದರು.

"ವ್ಯಾಪಾರ ಎಲ್ಲ ಅವಳ ತಲೆಗೆ ಕಟ್ಟಿ, ಈಯಪ್ಪ ಎಲ್ಲಿಗೆ ಹೊರಟ?" ಎಂದರು.

ನನ್ನ ರೈಲು ಉಳಿಯಿತು. ಈಗ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಕನ್ನಡಕ ಹಾಕಿಕೊಂಡು ನನ್ನ ಜೊತೆ ಪ್ಯಾಸೆಂಜರ್ ಡಬ್ಬಿಯೊಂದಕ್ಕೆ ಬ್ಲಾಕ್ ಜೋಡಿಸಲು ಕೂರುತ್ತಾರೆ. ಮುಂದಿನ ದಸರೆಯಲ್ಲಿ ಶೆಟ್ಟರ ಹೆಂಡತಿಯೂ ಊರು ಸುತ್ತಬೇಕಂತೆ, ಕಿಟಕಿ ಪಕ್ಕದಲ್ಲಿ ಕೂತು. ಶೆಟ್ಟರು ಅಂಗಡಿ ನೋಡಿಕೊಳ್ಳಲಿ ಎಂದು ಅತ್ತೆ ತೀರ್ಮಾನಿಸಿದ್ದಾರೆ.