ಪರಾತದೊಳಗಿನ ಆಲದ ಮರ

ಬೋನ್ಸಾಯ್ ಎಂಬ ಶಬ್ದ ನನ್ನ ಕಿವಿಗೆ ಬಿದ್ದದ್ದು ತಲೆ ನೆರೆತ ಮೇಲೆ. ಅಂಥ ಮರವನ್ನು ಬೆಳೆಸಿದ್ದು ಮಾತ್ರ ಮದುವೆಯಾಗಿ ಬೆಟಗೇರಿಗೆ ಬಂದ ಹೊಸದರಲ್ಲಿ, ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದಾಗ. ಮುಂಬಯಿಯಿಂದ ನೂಲು ಸುತ್ತಿ ಬಂದಿದ್ದ ಪತ್ರಿಕೆಯ ಹಾಳೆಯಲ್ಲಿ ಒಂದು ಚಿತ್ರವಿತ್ತು. ಜಪಾನಿನ ಮುದುಕನೊಬ್ಬನ ಮುಂದೆ ಅಗಲವಾದ ಕುಂಡ, ಅದರಲ್ಲಿ ಗೇಣುದ್ದದ ಹಳೆಯ ಮರ. ಒಲೆಯ ಮೇಲಿನ ರೊಟ್ಟಿ ಸೀಯುವವರೆಗೂ ಅದನ್ನೇ ನೋಡುತ್ತ ಕುಳಿತೆ.

ಅಂಥದೊಂದು ನನಗೆ ಬೇಕೇ ಬೇಕೆನಿಸಿತು. ಲಕ್ಷ್ಮೇಶ್ವರದ ತವರಿನಲ್ಲಿ ನಾನೊಬ್ಬಳೇ ಮಗಳು, ಮಹಾ ಹಟಮಾರಿ. ಇಲ್ಲಿ ಮಗ್ಗದ ಮನೆ, ತುಂಬಿದ ಕುಟುಂಬ, ಎಲ್ಲವೂ 'ನಮ್ಮದು'. ನಾನು ತಂದ ಟ್ರಂಕಿನಲ್ಲಿ ಕೂಡ ಯಾರದೋ ಕೂಸಿನ ಕುಲಾವಿ, ಯಾರದೋ ಕಂಬಳಿ. ಯಾರೂ ಕೆಟ್ಟವರಲ್ಲ, ಆದರೂ ನನಗೆ ಸಿಟ್ಟು. ನನ್ನದು ಅನ್ನುವುದಕ್ಕೆ ಆ ಮನೆಯಲ್ಲಿ ಒಂದು ಸೂಜಿಯೂ ಇರಲಿಲ್ಲ.

ಹಿತ್ತಲ ಬಾವಿಯ ಕಲ್ಲುಸಂದಿಯಲ್ಲಿ ಆಲದ ಸಸಿ ಎದ್ದಿತ್ತು. ಕಿತ್ತು ತಂದು, ತೂತು ಬಿದ್ದು ಮೂಲೆ ಸೇರಿದ್ದ, ಹಿಟ್ಟು ನಾದುವ ಅಗಲ ತಾಟಿನಂಥ ಪರಾತದಲ್ಲಿ ನೆಟ್ಟೆ. ನೂಲು ಕತ್ತರಿಸುವ ಕತ್ತರಿಯಿಂದ ಚಿಗುರು ಚಿವುಟತೊಡಗಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಅಲ್ಲವ್ವಾ, ಮಂದಿ ಗಿಡಾ ದೊಡ್ಡದಾಗಲಿ ಅಂತ ಹಚ್ಚತಾರ. ನೀ ಸಣ್ಣದಾಗಲಿ ಅಂತ ಹಚ್ಚೀಯೇನ?"

"ಮಣ್ಣು ಕಡಿಮಿ ಇದ್ರ ಸಣ್ಣದ ಉಳೀತೈತ್ರಿ ಅತ್ತಿ."

"ಅಂದ್ರ ಉಪಾಸ ಕೆಡವತಿ! ನಮ್ಮ ಮನ್ಯಾಗ ನಾಯಿನೂ ಉಪಾಸ ಬಿದ್ದಿಲ್ಲ."

ಅದು ಖರೆ. ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸಿದವರಲ್ಲ ನಮ್ಮ ಅತ್ತೆ. ಮರುದಿನದಿಂದಲೇ ಯುದ್ಧ ಶುರುವಾಯಿತು. ನಾನು ಚಿವುಟುವುದು, ಅವರು ಉಣ್ಣಿಸುವುದು. ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ, ಒಮ್ಮೆ ಹೋಳಿಗೆಯ ಬೇಳೆ ಬಸಿದ ಕಟ್ಟು ಕೂಡ ಪರಾತಕ್ಕೆ ಬಿತ್ತು. ಮರ ಅವರ ಪಕ್ಷ ಸೇರಿ ಅಂಗೈಯಗಲದ ಎಲೆ ಬಿಟ್ಟಿತು. ನಾನು ಹಲ್ಲು ಕಡಿಯುತ್ತಿದ್ದೆ, ಅತ್ತೆ ನಗುತ್ತಿದ್ದರು.

ಒಂದು ದಿನ ಅವರು ಎಮ್ಮೆಗೆ ಹಾಕುವ ಶೇಂಗಾ ಹಿಂಡಿಯನ್ನು ಹಿಡಿ ತುಂಬ ತಂದು ಬುಡಕ್ಕೆ ಹಾಕಿದರು. ವಾರದೊಳಗೆ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯಿತು. ನಾನು ಓಣಿಗೆ ಕೇಳುವ ಹಾಗೆ ಕೂಗಾಡಿದೆ. ಅತ್ತೆ ಮಧ್ಯಾಹ್ನ ಎಲ್ಲರಿಗೂ ಬಡಿಸಿ, ತಾವು ಮಾತ್ರ ಉಣ್ಣದೆ ಹಿತ್ತಲಲ್ಲಿ ಆ ಕಡ್ಡಿಯ ಪಕ್ಕ ಕುಳಿತರು. ತಾಟಿನಲ್ಲಿ ರೊಟ್ಟಿ, ಝುಣಕ ಹಾಕಿಕೊಂಡು ಹೋದೆ.

"ಉಣ್ರಿ ಅತ್ತಿ. ಹೋದ್ರ ಹೋಗ್ಲಿ ಬಿಡ್ರಿ."

"ನಿನ್ನ ಜೀವ ಅದರಾಗ ಇತ್ತಲ್ಲವ್ವಾ," ಎಂದು ಅತ್ತುಬಿಟ್ಟರು. ಅವರಿಗೆ ಅದು ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ.

ಇಬ್ಬರೂ ಸೇರಿ ಹಿಂಡಿಯ ಮಣ್ಣು ತೆಗೆದು ಹೊಸ ಮಣ್ಣು ತುಂಬಿದೆವು. ತಿಂಗಳು ಕಳೆಯುವಷ್ಟರಲ್ಲಿ ಕಡ್ಡಿ ಚಿಗುರಿತು. ಈ ಸಲ ಬಂದ ಎಲೆಗಳು ಉಗುರಿನಷ್ಟು ಚಿಕ್ಕವು, ಥೇಟ್ ಚಿತ್ರದಲ್ಲಿದ್ದ ಹಾಗೆ! ಎಲೆ ಉದುರಿಸಿದರೆ ಮುಂದಿನವು ಸಣ್ಣದಾಗಿ ಬರುತ್ತವೆಂದು ಇಬ್ಬರಲ್ಲಿ ಯಾರಿಗೆ ತಿಳಿದಿತ್ತು? ಅತ್ತೆ ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದರು. ಗಿಡಕ್ಕೆ ಉಣ್ಣಿಸುವುದನ್ನು ಮಾತ್ರ ಬಿಟ್ಟರು.

ಏಕೀಕರಣವಾದಾಗ ಓಣಿಯಲ್ಲಿ ಮಂಟಪ ಕಟ್ಟಿದರು. ಸಿಂಗಾರಕ್ಕೆ ಏನಾದರೂ ಕೊಡಿರೆಂದು ಹಿರಿಯರು ಮನೆಗೆ ಬಂದರು. ಅತ್ತೆ ದೀಪದ ಸಮೆ, ಬಿಂದಿಗೆ, ಜಮಖಾನೆ ಎಲ್ಲವನ್ನೂ ಎತ್ತಿ ಕೊಟ್ಟರು. ಒಬ್ಬರು ಪರಾತದ ಕಡೆ ಬೆರಳು ತೋರಿಸಿದರು.

"ಅದೊಂದು ನಮ್ಮದಲ್ಲರಿ," ಎಂದರು ಅತ್ತೆ. "ಅದು ನಮ್ಮ ಸೊಸೀದು. ಅಕಿನ್ನ ಕೇಳ್ರಿ."

ಹಿರಿಯರೆಲ್ಲ ನನ್ನ ಕಡೆ ತಿರುಗಿದರು. ಆ ಮನೆಯಲ್ಲಿ ನನ್ನನ್ನು ಕೇಳಿದ್ದು ಅದೇ ಮೊದಲು.

"ಕೇಳೂದೇನೈತ್ರಿ," ಎಂದೆ. "ನಮ್ಮದ ಐತಿ. ಒಯ್ರಿ."