ಮೇಣಕ್ಕೆ ವೀಳ್ಯದೆಲೆ ಹಾಕಿದ ಬೀಗತಿ

ನನಗಾಗ ಅರವತ್ತೊಂಬತ್ತು. ಈಗ್ಗೆ ಮೂರು ವರ್ಷದ ಹಿಂದಿನ ಮಾತು. ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮ ಮನೆ. ಸೊಸೆ ಬಂದು ಎಷ್ಟೋ ವರ್ಷ ಆಗಿದ್ದರೂ ಒಲೆ ಮಾತ್ರ ನನ್ನದೇ. ನಾನು ಓದಿದ್ದು ಎರಡನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಸೊಸೆ ಚಿಕ್ಕಮಕ್ಕಳ ಶಾಲೆಯಲ್ಲಿ ಟೀಚರ್. ಮಕ್ಕಳು ಮುರಿದು ಬಿಸಾಕಿದ ಕ್ರೇಯಾನ್ ಚೂರುಗಳನ್ನೆಲ್ಲ ಆರಿಸಿ ತಂದು ಹಳೇ ಹಿಟ್ಟಿನ ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಕಸ ಅಂತ ನಾನು ಬೀದಿಗೆ ಇಟ್ಟರೆ ಮತ್ತೆ ಒಳಗೆ ತರೋಳು. ಬೇಸಿಗೆ ರಜಾದಲ್ಲಿ ಓಣಿಯ ಮಕ್ಕಳನ್ನು ಕೂಡಿಸಿ, ಅದನ್ನು ಕರಗಿಸಿ ಹೂವು, ಬಿಲ್ಲೆ ಮಾಡಿಸ್ತೀನಿ ಅಂತ ಹಟ ಹಿಡಿದಳು. ಮಕ್ಕಳು ಕಾಗದ ಸುಲಿದು ಬಣ್ಣ ಬೇರೆ ಮಾಡಬೇಕು, ಒಲೆ ಕೆಲಸ ತಾನೊಬ್ಬಳೇ. ಬಿಲ್ಲೆ ಎರೆಯೋಕೆ ನನ್ನ ಪಡ್ಡಿನ ಹಂಚೂ ಬೇಕಂತೆ.

"ಕೊಟ್ರೆ ಮತ್ತೆ ಅದರಾಗೆ ಪಡ್ಡು ಮಾಡಂಗಿಲ್ಲ ಅತ್ತೆ. ಮೇಣಕ್ಕೆ ಹೋದದ್ದು ಮೇಣಕ್ಕೇ," ಅಂದಳು.

"ಹಂಗಾದ್ರೆ ಕೊಡಲ್ಲ," ಅಂದೆ.

ಒಂದು ಕರಾರು ಹಾಕಿದೆ. ನಾಳೆ ಮಕ್ಕಳು ಬರೋದಲ್ಲವಾ, ಇವತ್ತು ನನ್ನ ಕಣ್ಣೆದುರು ಕಾಯಿಸಿ ತೋರಿಸು. ಹೆಚ್ಚುಕಮ್ಮಿ ಆಯ್ತೋ, ನಾಳೆ ಬಾಗಿಲು ತೆಗೆಯಲ್ಲ. ಆಗಲಿ ಅಂದಳು. ಮದುವೆ ದಿನವೂ ಅವಳ ಮುಖ ಅಷ್ಟು ಬಾಡಿರಲಿಲ್ಲ.

ಅವತ್ತೇ ಬರಬೇಕೆ ಹರಿಹರದಿಂದ ಬೀಗತಿ, ಸೊಸೆಯ ತಾಯಿ. ಕಂಕುಳಲ್ಲಿ ತುಪ್ಪದ ಡಬ್ಬಿ. ಬಂದಾಗಲೆಲ್ಲ ತುಪ್ಪ ತರ್ತಾಳೆ, ನಮ್ಮ ಮನೆಯವರು ತುಪ್ಪ ಕಂಡೇ ಇಲ್ಲ ಅನ್ನೋ ಹಂಗೆ.

"ಬರ್ರಿ ಅಕ್ಕಾರೆ, ಕೂಡ್ರಿ. ಬಸ್ಸು ಸಿಕ್ತೇನ್ರಿ?" ಅಂದೆ. ಸಿಗದಿದ್ದರೆ ಚೆನ್ನಾಗಿತ್ತು.

"ಸಿಕ್ತು ನೋಡ್ರಿ. ತಗಳ್ರಿ ತುಪ್ಪ. ದಾವಣಗೆರೆಯೋರಿಗೆ ಬೆಣ್ಣೆ ತಿನ್ನಾಕೆ ಬರ್ತೈತೆ, ಕಾಯ್ಸಾಕೆ ಬರಲ್ಲ."

"ಹೌದ್ರಿ. ನಿಮ್ಮೂರಾಗೆ ಹೊಳೆ ಐತಲ್ಲ, ಅದಕ್ಕೇ ನಿಮ್ಮನೆ ಹಾಲೂ ತೆಳು, ಮಜ್ಜಿಗೇನೂ ತೆಳು."

ಸೊಸೆ ನಮ್ಮಿಬ್ಬರ ಕಡೆ ನೋಡದೆ ಕಿಟಕಿ ತೆಗೆದಳು. ಬೋಗುಣಿಯಲ್ಲಿ ಸ್ವಲ್ಪ ನೀರಿಟ್ಟು, ಉರಿ ಸಣ್ಣಗೆ ಮಾಡಿ, ಕ್ರೇಯಾನ್ ಚೂರು ಹಾಕಿದ ತಗಡಿನ ಡಬ್ಬಿಯನ್ನು ಆ ನೀರಿನಲ್ಲಿ ಕೂರಿಸಿದಳು. ಡಬ್ಬಿಗೆ ನೇರ ಉರಿ ತಾಗಬಾರದಂತೆ, ಡಬ್ಬಿಯೊಳಗೆ ಒಂದು ಹನಿ ನೀರೂ ಬೀಳಬಾರದಂತೆ. ಚೂರುಗಳು ಜಪ್ಪಯ್ಯ ಅಂದರೂ ಕರಗಲಿಲ್ಲ. ಬೀಗತಿ ಆಕಳಿಸಿದಳು.

"ಹಿಂಗೆ ಕಾಯ್ಸಿದ್ರೆ ಮುಂದಿನ ಯುಗಾದಿಗೆ ಕರಗ್ತೈತೆ."

"ತಡ ಆದ್ರೆ ಆಗ್ಲಿ ಅವ್ವ. ಮುಟ್ಟಬ್ಯಾಡ."

ಅಷ್ಟರಲ್ಲಿ ಎದುರುಮನೆಯವಳು ಗೇಟಿನಿಂದ ಕೂಗಿದಳು, ಮಗಳನ್ನು ನಾಳೆ ಎಷ್ಟೊತ್ತಿಗೆ ಕಳಿಸಬೇಕು ಅಂತ ಕೇಳೋಕೆ. ಸೊಸೆ ಗ್ಯಾಸ್ ಆರಿಸಿ ಹೋದಳು. ಆರಿಸಿಯೇ ಹೋದಳು, ನಾನು ಕಣ್ಣಾರೆ ನೋಡಿದ್ದು.

ಬೀಗತಿ ಎದ್ದಳು. ಗ್ಯಾಸ್ ಹಚ್ಚಿ, ಬೋಗುಣಿ ಪಕ್ಕಕ್ಕಿಟ್ಟು, ಇಕ್ಕಳದಲ್ಲಿ ಡಬ್ಬಿ ಹಿಡಿದು ಉರಿಯ ಮೇಲೇ ಇಟ್ಟಳು.

"ಬ್ಯಾಡ ಅಂದು ಹೋಗ್ಯಾಳಲ್ರಿ," ಅಂದೆ.

"ಸೊಸೆಗೆ ಹೆದರ್ತೀರೇನ್ರಿ? ಕೂದಲು ಬೆಳ್ಳಗಾಗೋತನಕ ತುಪ್ಪ ಕಾಯ್ಸೀನಿ. ಇದು ಅದರ ತಮ್ಮ."

ಕರಗಿದ್ದೇನೋ ಕರಗಿತು. ಹಿಂದೆಯೇ ಹೊಗೆ ಬಂತು, ಗಂಟಲು ಹಿಡಿಯೋ ವಾಸನೆ ಬಂತು. ನಮ್ಮ ಕಡೆ ತುಪ್ಪ ಇಳಿಸೋ ಮುಂಚೆ ವೀಳ್ಯದೆಲೆ ಹಾಕ್ತೀವಿ, ಘಮ ಬರಲಿ ಅಂತ. ಬೀಗತಿ ನನ್ನ ಎಲೆಯಡಿಕೆ ತಟ್ಟೆಗೆ ಕೈ ಹಾಕಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎಲೆ ಎಳೆದಳು. ನೀರು ತೊಟ್ಟಿಕ್ಕುತ್ತಿತ್ತು.

"ಇದು ಬಿದ್ರೆ ವಾಸನೆ ಹೋಗ್ತೈತೆ ನೋಡ್ರಿ," ಅಂತ ಹಾಕಿಯೇಬಿಟ್ಟಳು.

ಮೇಣ ಸಿಡಿದು ಅವಳ ಮುಂಗೈಗೆ ಬಿತ್ತು, ಗೋಡೆಗೆ ಹಾರಿತು. ಡಬ್ಬಿಯ ಬಾಯಿಗೆ ಬೆಂಕಿ ಹತ್ತಿತು. ಅವಳು ಕಿರುಚುತ್ತಾ ನೀರಿನ ಚೆಂಬು ಎತ್ತಿದಳು. ಸೊಸೆ ಓಡಿ ಬಂದು ಚೆಂಬು ಕಸಿದಳು, ಗ್ಯಾಸ್ ಆರಿಸಿದಳು, ಡಬ್ಬಿಯ ಮೇಲೆ ಊಟದ ತಟ್ಟೆ ಜಾರಿಸಿ ಮುಚ್ಚಿದಳು. ಬೆಂಕಿ ಆರಿತು. ಆಮೇಲೆ ತಾಯಿಯ ಕೈಯನ್ನು ನಲ್ಲಿ ಕೆಳಗೆ ಹಿಡಿದಳು.

"ನೀರು ಕೈಗೆ ಅವ್ವ, ಮೇಣಕ್ಕಲ್ಲ. ಅಂಟಿದ್ದು ಕೀಳಬ್ಯಾಡ."

ಎದುರುಮನೆಯವಳು ಸೊಸೆಯ ಹಿಂದೆಯೇ ಬಂದು, ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೀಗತಿಗೆ ಅಷ್ಟು ಉರಿಯಲ್ಲೂ ಬಾಯಿ ಸುಮ್ಮನಿರಲಿಲ್ಲ.

"ನೋಡವ್ವ, ನನ್ ಮಗಳ ಮೇಣದಾಟ. ಹೆತ್ತ ತಾಯಿ ಕೈನೇ ಸುಟ್ಲು. ನಿನ್ ಮಗಳನ್ನ ಕಳಿಸಬ್ಯಾಡ."

ಸೊಸೆ ತುಟಿ ಬಿಚ್ಚಲಿಲ್ಲ, ತಾಯಿ ಮರ್ಯಾದೆ ಅಂತ. ಎದುರುಮನೆಯವಳು "ಉಳಿದೋರಿಗೂ ಹೇಳ್ತೀನಿ ಬಿಡ್ರಿ" ಅಂದು ಹೋದಳು.

ಬೀಗತಿ ಡಾಕ್ಟರಿಗೆ ತೋರಿಸಿ, ಪಟ್ಟಿ ಕಟ್ಟಿಸಿಕೊಂಡು ಸಂಜೆ ಬಸ್ಸಿಗೆ ಹರಿಹರಕ್ಕೆ ಹೋದಳು. ತುಪ್ಪದ ಡಬ್ಬಿಯನ್ನೂ ವಾಪಸ್ ಒಯ್ದಳು. ಪೀಡೆ ಹೋಯಿತು ಅಂದುಕೊಂಡೆ.

ಸೊಸೆ ಗೋಡೆಯ ಮೇಣ ಕೆರೆದಳು. ಹಿಟ್ಟಿನ ಡಬ್ಬಿಯನ್ನು ಈ ಸಲ ತಾನೇ ಬೀದಿಗೆ ಇಟ್ಟಳು.

"ನೀವು ಹೇಳ್ದಂಗೇ ಆತು ಅತ್ತೆ. ನಾಳೆ ಬಾಗ್ಲು ತೆಗೀಬ್ಯಾಡ್ರಿ."

ಸೊಸೆಯ ಮೇಲೆ ನನಗೆ ಅಂಥಾ ಪ್ರೀತಿ ಇರಲಿಲ್ಲ, ಈಗಲೂ ಇಲ್ಲ. ಆ ಮೇಣದ ವಾಸನೆ ಇವತ್ತಿಗೂ ಆಗಲ್ಲ. ಆದರೆ ನಾನು ಹಾಕಿದ ಕರಾರು ಸೊಸೆಗೆ ಹಾಕಿದ್ದು. ಅವಳು ತಪ್ಪಲಿಲ್ಲ. ತಪ್ಪಿದವಳು ನನ್ನ ಅಡುಗೆಮನೆಯಲ್ಲೇ ನಿಂತು, ನನ್ನ ಎದುರಿಗೇ ಸುಳ್ಳು ಹೇಳಿ ಬಸ್ಸು ಹತ್ತಿದಳು. ಅದು ನನಗೆ ನುಂಗೋಕೆ ಆಗಲಿಲ್ಲ.

ಮರುದಿನ ಬೆಳಿಗ್ಗೆ ಕಸದ ಗಾಡಿ ಬರೋಕೆ ಮುಂಚೆ ಎದ್ದು ಹಿಟ್ಟಿನ ಡಬ್ಬಿ ಒಳಗೆ ತಂದೆ. ಎದುರುಮನೆಗೆ ಹೋಗಿ ಬಾಗಿಲು ಬಡಿದೆ. ಅವಳು ಇನ್ನೂ ಮುಖ ತೊಳೆದಿರಲಿಲ್ಲ.

"ನಿನ್ನೆ ಉರಿ ಮೇಲೆ ಇಟ್ಟೋಳು ನಮ್ಮ ಬೀಗತಿ, ಹಸಿ ಎಲೆ ಹಾಕಿದೋಳೂ ಅವಳೇ. ನಮ್ಮ ಸೊಸೆ ಆರಿಸಿ ಹೋಗಿದ್ಲು, ಬೆಂಕಿ ಮುಚ್ಚಿದೋಳೂ ನಮ್ಮ ಸೊಸೆ. ಇದನ್ನೂ ಉಳಿದೋರಿಗೆ ಹೇಳು. ಮಗಳನ್ನ ಕಳಿಸಿದ್ರೆ ಕಳಿಸು, ಬಿಟ್ರೆ ಬಿಡು."

ಅವಳ ಉತ್ತರಕ್ಕೆ ನಿಲ್ಲಲಿಲ್ಲ. ಮನೆಗೆ ಬಂದು ಬೀದಿ ಬಾಗಿಲು ತೆಗೆದಿಟ್ಟೆ. ಪಡ್ಡಿನ ಹಂಚು ತೊಳೆದು, ಒಂದು ಹನಿ ನೀರೂ ಉಳಿಯದಂಗೆ ಒರೆಸಿ, ಒಲೆಯ ಪಕ್ಕ ಇಟ್ಟೆ.